ಎರಡೇ ಬಾರಿ ಲೀಗ್ ಗೆದ್ದ ಬ್ರಯನ್ ಕ್ಲಫ್ ಅವರನ್ನು ಶ್ರೇಷ್ಠರ ಸಾಲಿನಲ್ಲಿ ಇಡುವುದೇಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ (ತಂಡವನ್ನು ಕಟ್ಟಿ ಆಡಿಸುವವರು) ಆಗಿದ್ದಾಗ ಅಲೆಕ್ಸ್ ಫರ್ಗ್ಯುಸನ್ 13 ಬಾರಿ ಇಂಗ್ಲೆಂಡಿನ ಲೀಗ್ ಗೆದ್ದಿರುವಾಗ, ಎರಡೇ ಬಾರಿ ಗೆದ್ದ ಬ್ರಯನ್ ಕ್ಲಫ್ ಅವರ ಹೆಸರನ್ನು ಅಲ್ಲಿನ ಹಳೆಯ ಅಭಿಮಾನಿಗಳು ಅದೇ ಉಸಿರಿನಲ್ಲಿ ಹೇಳುವುದೇಕೆ ಎಂಬುದು ಮೊದಲನೆಯದು. ಅವರ ತಂಡದ ಆಟವನ್ನು ಹೊಸದಾಗಿ ನೋಡುವವರು ಯಾವ ಪಂದ್ಯದಿಂದ ಆರಂಭಿಸಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕ್ಲಫ್ ಗೆದ್ದ ಪ್ರಶಸ್ತಿಗಳನ್ನು ಎಣಿಸುವ ಮೊದಲು ಅವರು ಎಲ್ಲಿಂದ ಆರಂಭಿಸಿದರು ಎಂಬುದನ್ನು ನೋಡಬೇಕು. ಡರ್ಬಿ ಕೌಂಟಿ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡೂ ಅವರ ಕೈಗೆ ಬಂದಾಗ ಎರಡನೇ ಡಿವಿಷನ್ನಿನಲ್ಲಿ, ಎಂದರೆ ಲೀಗ್‌ನ ಮೇಲಿನಿಂದ ಎರಡನೆಯ ದರ್ಜೆಯಲ್ಲಿ, ತಡವರಿಸುತ್ತಿದ್ದ ಕ್ಲಬ್ಬುಗಳು. ಎರಡೂ ಊರುಗಳ ನಡುವಿನ ದೂರ ಮೈಸೂರಿನಿಂದ ನಂಜನಗೂಡಿಗೆ ಇರುವಷ್ಟೇ. ಎರಡರಲ್ಲಿ ಯಾವುದೂ ಮೈಸೂರಿನಷ್ಟು ದೊಡ್ಡದಲ್ಲ. ಎರಡೂ ಕ್ಲಬ್ಬುಗಳು ತಮ್ಮ ಇತಿಹಾಸದಲ್ಲಿ ಮೊದಲ ಬಾರಿಗೆ ದೇಶದ ಚಾಂಪಿಯನ್ ಆದದ್ದು ಕ್ಲಫ್ ಅವರ ಕಾಲದಲ್ಲಿ. ಫಾರೆಸ್ಟ್ ಅಂತೂ ಒಂದೇ ಬಾರಿ ಲೀಗ್ ಗೆದ್ದು ಎರಡು ಬಾರಿ ಯುರೋಪಿಯನ್ ಕಪ್ (ಯುರೋಪಿನ ದೇಶಗಳ ಚಾಂಪಿಯನ್ ಕ್ಲಬ್ಬುಗಳ ನಡುವಿನ ಟೂರ್ನಿ) ಗೆದ್ದ ಕ್ಲಬ್. ಸ್ವಂತ ದೇಶದ ಲೀಗ್‌ಗಿಂತ ಹೆಚ್ಚು ಬಾರಿ ಯುರೋಪಿನ ಪಟ್ಟ ಗೆದ್ದ ಕ್ಲಬ್ ಇದನ್ನು ಬಿಟ್ಟರೆ ಇನ್ನೊಂದಿಲ್ಲ.

ಕ್ಲಫ್ 1935ರಲ್ಲಿ ಮಿಡಲ್ಸ್‌ಬರೋದಲ್ಲಿ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿದರು. ಮಿಡಲ್ಸ್‌ಬರೋ ಮತ್ತು ಸಂಡರ್‌ಲ್ಯಾಂಡ್ ಪರವಾಗಿ ಸ್ಟ್ರೈಕರ್ ಆಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದರು. 1962ರ ಡಿಸೆಂಬರ್ 26ರಂದು ಬರಿ ಎಂಬ ಊರಿನ ತಂಡದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮರಳಿ ಆಡಲು ಪ್ರಯತ್ನಿಸಿದರೂ ಆಟಗಾರನ ಬದುಕು ಅಲ್ಲಿಗೇ ಮುಗಿದಂತಾಯಿತು. ಅವರು ಮುಂದೆ ತೋರಿದ ಆತುರಕ್ಕೂ ಅಹಂಕಾರಕ್ಕೂ ಈ ಅರ್ಧಕ್ಕೇ ನಿಂತ ಆಟವೇ ಮೂಲವೆಂದು ಅನೇಕರು ಬರೆದಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

1965ರಲ್ಲಿ, ಮೂವತ್ತನೆಯ ವಯಸ್ಸಿಗೆ, ನಾಲ್ಕನೇ ಡಿವಿಷನ್ನಿನ ತಳದಲ್ಲಿದ್ದ ಹಾರ್ಟಲ್‌ಪೂಲ್ಸ್ ಯುನೈಟೆಡ್ ಅವರನ್ನು ಮ್ಯಾನೇಜರ್ ಮಾಡಿಕೊಂಡಿತು. ಕ್ಲಬ್ಬಿನಲ್ಲಿ ದುಡ್ಡಿರಲಿಲ್ಲ. ತಂಡದ ಬಸ್ಸನ್ನು ತಾವೇ ಓಡಿಸಲೆಂದು ಕ್ಲಫ್ ಅದರ ಲೈಸೆನ್ಸ್ ಕೂಡ ಮಾಡಿಸಿಕೊಂಡರು. ಆದರೆ ಅಲ್ಲಿಗೆ ಹೋಗುವಾಗ ಅವರು ಮಾಡಿದ ಅತ್ಯಂತ ಜಾಣತನದ ಕೆಲಸವೆಂದರೆ ಪೀಟರ್ ಟೇಲರ್ ಅವರನ್ನು ಜೊತೆಗೆ ಕರೆದುಕೊಂಡದ್ದು. ಟೇಲರ್ ಮಿಡಲ್ಸ್‌ಬರೋದಲ್ಲಿ ಅವರ ಜೊತೆಗಿದ್ದ ಗೋಲ್‌ಕೀಪರ್. ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ: ನಾವು ಕ್ಲಫ್ ಎಂಬ ಒಬ್ಬ ಮ್ಯಾನೇಜರನ ಸಾಧನೆ ಎಂದು ಹೊಗಳುವುದರ ದೊಡ್ಡ ಪಾಲು ಇಬ್ಬರ ಸಾಧನೆ. ಯಾರನ್ನು ಕೊಳ್ಳಬೇಕು ಎಂಬುದನ್ನು ಕಂಡುಹಿಡಿಯುವ ಕಣ್ಣು ಟೇಲರ್ ಅವರದು. ಕೊಂಡ ಮೇಲೆ ಆ ಮನುಷ್ಯನಿಂದ ಏನು ಹೊರತೆಗೆಯಬೇಕು, ಅದಕ್ಕೆ ಬೈಯಬೇಕೋ ಬೆನ್ನು ತಟ್ಟಬೇಕೋ ಎಂಬುದು ಕ್ಲಫ್ ಅವರಿಗೆ ಬಿಟ್ಟ ವಿಷಯ.

ಡರ್ಬಿಗೆ ಅವರು ಬಂದದ್ದು 1967ರಲ್ಲಿ. ಟ್ರಾನ್‌ಮಿಯರ್‌ನಲ್ಲಿ ಆಡುತ್ತಿದ್ದ ರಾಯ್ ಮೆಕ್‌ಫಾರ್ಲೆಂಡ್ ಎಂಬ ಹತ್ತೊಂಬತ್ತರ ಹುಡುಗ ಬೇಕೆನಿಸಿದಾಗ ಇಬ್ಬರೂ ರಾತ್ರಿ ಹೊತ್ತು ಮೀರಿದ ಮೇಲೆ ಅವನ ಮನೆಗೇ ಹೋಗಿ, ಮಲಗಿದ್ದವನನ್ನು ಎಬ್ಬಿಸಿ, ಸಹಿ ಹಾಕಿಸಿಕೊಂಡೇ ಹೊರಟರು. ಆ ಹುಡುಗ ಮುಂದೆ ಇಂಗ್ಲೆಂಡ್ ತಂಡದ ಡಿಫೆಂಡರ್ ಆದ. ಮರುವರ್ಷ ಟಾಟನ್‌ಹ್ಯಾಮ್‌ನಿಂದ ಡೇವ್ ಮೆಕೇ ಅವರನ್ನು ಕೇವಲ 5,000 ಪೌಂಡಿಗೆ ತಂದರು. ಮೂವತ್ತಮೂರು ದಾಟಿದ್ದ ಮೆಕೇ ಆಟಗಾರರಾಗಿ ಮುಗಿದರೆಂದು ಉಳಿದವರು ತೀರ್ಮಾನಿಸಿದ್ದರು. ಮೈದಾನದ ತುಂಬ ಓಡಾಡುತ್ತಿದ್ದ ಅವರನ್ನು ಕ್ಲಫ್ ಮೆಕ್‌ಫಾರ್ಲೆಂಡ್ ಪಕ್ಕದಲ್ಲಿ ಹಿಂದೆ ನಿಲ್ಲಿಸಿ, ಓಡುವುದು ಬೇಡ, ಸುತ್ತಲಿನವರಿಗೆ ದಾರಿ ತೋರಿಸಿದರೆ ಸಾಕು ಎಂದರು. 1969ರಲ್ಲಿ ಡರ್ಬಿ ಎರಡನೇ ಡಿವಿಷನ್ ಗೆದ್ದು ಮೇಲೇರಿತು. ಮೆಕೇ ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಟೋನಿ ಬುಕ್ ಜೊತೆ ಹಂಚಿಕೊಂಡರು. 1972ರಲ್ಲಿ ಲೀಗ್ ಪಟ್ಟವೂ ಬಂತು. ತಮ್ಮ ಪಂದ್ಯಗಳನ್ನೆಲ್ಲ ಮುಗಿಸಿದ್ದ ಆಟಗಾರರು ಟೇಲರ್ ಜೊತೆ ಮಯೋರ್ಕಾ ದ್ವೀಪದಲ್ಲಿ ರಜೆಯಲ್ಲಿದ್ದರು, ಕ್ಲಫ್ ಕುಟುಂಬದೊಂದಿಗೆ ಸಿಲಿ ದ್ವೀಪಗಳಲ್ಲಿದ್ದರು. ಕೊನೆಯ ದಿನ ಲೀಡ್ಸ್ ಸೋತು, ಲಿವರ್‌ಪೂಲ್ ಡ್ರಾ ಮಾಡಿಕೊಂಡು, ಒಂದೇ ಒಂದು ಪಾಯಿಂಟಿನ ಅಂತರದಲ್ಲಿ ಡರ್ಬಿ ಚಾಂಪಿಯನ್ ಆಯಿತು.

ಟಿವಿಯಲ್ಲಿ ಕೂತು ಎಲ್ಲರನ್ನೂ ಟೀಕಿಸುತ್ತಿದ್ದ ಕ್ಲಫ್ ಅವರ ನಾಲಗೆ ಕ್ಲಬ್ಬಿನ ಅಧ್ಯಕ್ಷರಿಗೆ ಸಹಿಸಲಾಗಲಿಲ್ಲ. 1973ರ ಅಕ್ಟೋಬರಿನಲ್ಲಿ ಇಬ್ಬರೂ ರಾಜೀನಾಮೆ ಕೊಟ್ಟರು. ತಮ್ಮನ್ನು ತಡೆಯುತ್ತಾರೆಂದು ಕ್ಲಫ್ ಎಣಿಸಿದ್ದಿರಬೇಕು; ಯಾರೂ ತಡೆಯಲಿಲ್ಲ. ಅಲ್ಲಿಂದ ಬ್ರೈಟನ್, ಬ್ರೈಟನ್‌ನಿಂದ ಲೀಡ್ಸ್.

ಲೀಡ್ಸ್‌ನ 44 ದಿನಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ತಮಗಿಂತ ಮೊದಲು ಅಲ್ಲಿ ಮ್ಯಾನೇಜರ್ ಆಗಿದ್ದ ಡಾನ್ ರೆವಿ ಕಟ್ಟಿದ ಚಾಂಪಿಯನ್ ತಂಡದ ಮುಂದೆ ನಿಂತು, ನೀವು ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಎಸೆಯಿರಿ, ಅವು ಮೋಸದ ಗೆಲುವುಗಳು ಎಂಬರ್ಥದ ಮಾತನ್ನು ಕ್ಲಫ್ ಆಡಿದರೆಂದು ಆ ಆಟಗಾರರೇ ಮುಂದೆ ಹೇಳಿದ್ದಾರೆ. ಆರು ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಒಂದು. 1974ರ ಸೆಪ್ಟೆಂಬರ್ 12ರಂದು ಅವರನ್ನು ತೆಗೆದುಹಾಕಿದರು. ಈ ಕಥೆಯಲ್ಲಿ ಜನ ಮರೆಯುವ ಸಂಗತಿಯೆಂದರೆ ಟೇಲರ್ ಅವರು ಲೀಡ್ಸ್‌ಗೆ ಹೋಗದೆ ಬ್ರೈಟನ್‌ನಲ್ಲೇ ಉಳಿದಿದ್ದರು. ಪಕ್ಕದಲ್ಲಿ ಕೂತು, ಸಾಕು ಸುಮ್ಮನಿರು ಎಂದು ಹೇಳಬಲ್ಲ ಒಬ್ಬನೇ ಮನುಷ್ಯ ಆ 44 ದಿನ ಅಲ್ಲಿರಲಿಲ್ಲ.

1975ರ ಜನವರಿಯಲ್ಲಿ ಕ್ಲಫ್ ಫಾರೆಸ್ಟ್‌ಗೆ ಬಂದರು. ಮೊದಲ ಒಂದೂವರೆ ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 1976ರ ಬೇಸಿಗೆಯಲ್ಲಿ ಟೇಲರ್ ಬಂದು ಸೇರಿದರು. 1977ರಲ್ಲಿ ತಂಡ ಮೂರನೆಯ ಸ್ಥಾನ ಪಡೆದು ಹೇಗೋ ಮೇಲಿನ ಡಿವಿಷನ್ನಿಗೆ ಏರಿತು. 1978ರಲ್ಲಿ ಲಿವರ್‌ಪೂಲ್‌ಗಿಂತ ಏಳು ಪಾಯಿಂಟ್ ಮುಂದಿದ್ದು ಲೀಗ್ ಗೆದ್ದಿತು. 1977ರ ನವೆಂಬರಿನಿಂದ 1978ರ ಡಿಸೆಂಬರಿನವರೆಗೆ ಸತತ 42 ಲೀಗ್ ಪಂದ್ಯಗಳಲ್ಲಿ ಸೋಲಲಿಲ್ಲ. ಆ ದಾಖಲೆಯನ್ನು ಆರ್ಸೆನಲ್ ಮುರಿದದ್ದು 2004ರಲ್ಲಿ.

ಈ ತಂಡದಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರೆ ಕ್ಲಫ್ ಮತ್ತು ಟೇಲರ್ ಅವರ ಕೆಲಸ ಅರ್ಥವಾಗುತ್ತದೆ. ಜಾನ್ ರಾಬರ್ಟ್‌ಸನ್, ಕ್ಲಫ್ ಬಂದಾಗ ಮಾರಾಟದ ಪಟ್ಟಿಯಲ್ಲಿದ್ದ, ಸಿಗರೇಟು ಸೇದುವ, ಮೈ ಬೆಳೆಸಿಕೊಂಡಿದ್ದ ಮಿಡ್‌ಫೀಲ್ಡರ್. ಅವರನ್ನು ಎಡ ಅಂಚಿಗೆ ಹಾಕಿ, ಚೆಂಡನ್ನು ಅವರಿಗೇ ಕೊಡಿ ಎಂದು ಉಳಿದ ಹತ್ತು ಮಂದಿಗೆ ಹೇಳಲಾಯಿತು. ಕೆನ್ನಿ ಬರ್ನ್ಸ್ ಅವರಿಗೆ ಜಗಳಗಂಟನೆಂಬ ಹೆಸರಿತ್ತು. ಟೇಲರ್ ವೇಷ ಮರೆಸಿಕೊಂಡು ನಾಯಿ ಓಟದ ಮೈದಾನಕ್ಕೆ ಹೋಗಿ ಅವರು ಎಷ್ಟು ಜೂಜಾಡುತ್ತಾರೆಂದು ನೋಡಿ ಬಂದ ಮೇಲೆಯೇ ಕೊಂಡರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಗೋಲು ಹೊಡೆಯುತ್ತಿದ್ದ ಬರ್ನ್ಸ್ ಇಲ್ಲಿ ಡಿಫೆಂಡರ್ ಆದರು, ಒಂದೇ ವರ್ಷದಲ್ಲಿ ಫುಟ್‌ಬಾಲ್ ಬರಹಗಾರರ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಗ್ಯಾರಿ ಬರ್ಟಲ್ಸ್ ಮನೆಗಳಿಗೆ ಕಾರ್ಪೆಟ್ ಹಾಸುವ ಕೆಲಸ ಮಾಡಿಕೊಂಡು ಲಾಂಗ್ ಈಟನ್ ಎಂಬ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದ ಹುಡುಗ, ಬೆಲೆ 2,000 ಪೌಂಡ್. 1978ರ ಸೆಪ್ಟೆಂಬರಿನಲ್ಲಿ, ಆಗ ಯುರೋಪಿನ ಚಾಂಪಿಯನ್ ಆಗಿದ್ದ ಲಿವರ್‌ಪೂಲ್ ವಿರುದ್ಧ ಗೋಲು ಹೊಡೆದ. ನ್ಯೂಕಾಸಲ್ ಉಚಿತವಾಗಿ ಬಿಟ್ಟುಕೊಟ್ಟ ಫ್ರಾಂಕ್ ಕ್ಲಾರ್ಕ್ ತಮ್ಮ ಕೊನೆಯ ಪಂದ್ಯವಾಗಿ ಆಡಿದ್ದು ಯುರೋಪಿಯನ್ ಕಪ್ ಫೈನಲ್ ಅನ್ನೇ.

ಆದರೆ ನನಗೆ ಎಲ್ಲರಿಗಿಂತ ಹಿಡಿಸಿದವರು ಜಾನ್ ಮೆಕ್‌ಗವರ್ನ್. ಹದಿನಾರನೆಯ ವಯಸ್ಸಿನಲ್ಲಿ ಹಾರ್ಟಲ್‌ಪೂಲ್ಸ್‌ನಲ್ಲಿ ಕ್ಲಫ್ ಅವರ ಕಣ್ಣಿಗೆ ಬಿದ್ದ ಈ ಹುಡುಗ ಅವರ ಹಿಂದೆಯೇ ಡರ್ಬಿಗೆ, ಲೀಡ್ಸ್‌ಗೆ, ಫಾರೆಸ್ಟ್‌ಗೆ ಬಂದರು. ವೇಗವಿರಲಿಲ್ಲ, ಪ್ರೇಕ್ಷಕರು ಎದ್ದು ನಿಲ್ಲುವಂಥ ಚಮತ್ಕಾರವೂ ಇರಲಿಲ್ಲ. ಚೆಂಡು ಸಿಕ್ಕರೆ ನಮ್ಮವರಿಗೆ ಕೊಡುವುದು, ಹೋದರೆ ಹಿಂದೆ ಬೀಳುವುದು, ಇಷ್ಟೇ ಅವರ ಕೆಲಸ. ಎರಡು ಬಾರಿ ಯುರೋಪಿಯನ್ ಕಪ್ ಎತ್ತಿ ಹಿಡಿದ ನಾಯಕ ಇವರೇ.

ತಂತ್ರಗಳ ಬಗ್ಗೆ ಕ್ಲಫ್ ದೀರ್ಘ ಪಾಠ ಮಾಡುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ಒಂದೋ ಎರಡೋ ಕೆಲಸ, ಚೆಂಡು ಹುಲ್ಲಿನ ಮೇಲೇ ಇರಬೇಕು, ರೆಫರಿಯೊಂದಿಗೆ ವಾದ ಕೂಡದು. ಕೊನೆಯದರಲ್ಲಿ ಅವರು ಕಟ್ಟುನಿಟ್ಟು. ಆ ಒರಟು ಕಾಲದಲ್ಲಿ ಅವರ ತಂಡಗಳ ಶಿಸ್ತನ್ನು ರೆಫರಿಗಳೇ ಮೆಚ್ಚುತ್ತಿದ್ದರು. ಅದೇ ಮನುಷ್ಯ 1979ರ ಲೀಗ್ ಕಪ್ (ಲೀಗ್ ಪಟ್ಟಕ್ಕಿಂತ ಬೇರೆಯಾದ, ಸೋತವರು ಹೊರಬೀಳುವ ಟೂರ್ನಿ) ಫೈನಲ್‌ನ ಹಿಂದಿನ ರಾತ್ರಿ ಆಟಗಾರರನ್ನು ಕೂರಿಸಿಕೊಂಡು ಶಾಂಪೇನ್ ಕುಡಿಸಿದರು; ಮರುದಿನ ತಂಡ ಸೌತಾಂಪ್ಟನ್ನನ್ನು 3-2ರಿಂದ ಸೋಲಿಸಿತು. ಇದನ್ನು ಇಂದಿನ ಯಾವ ಕೋಚಿಂಗ್ ಕೋರ್ಸಿನಲ್ಲೂ ಹೇಳಿಕೊಡಲಾರರು. ಹೆದರಿದವನು ಚೆಂಡನ್ನು ಸರಿಯಾಗಿ ಪಾಸ್ ಮಾಡಲಾರ ಎಂಬುದು ಅದರ ಹಿಂದಿನ ಲೆಕ್ಕ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

1982ರಲ್ಲಿ ಟೇಲರ್ ನಿವೃತ್ತರಾದರು. ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿ ಡರ್ಬಿಯ ಮ್ಯಾನೇಜರ್ ಆದರು, ಮರುವರ್ಷ ಕ್ಲಫ್ ಅವರಿಗೆ ತಿಳಿಸದೆ ಅದೇ ರಾಬರ್ಟ್‌ಸನ್ ಅವರನ್ನು ಡರ್ಬಿಗೆ ಕರೆದುಕೊಂಡರು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. 1990ರ ಅಕ್ಟೋಬರಿನಲ್ಲಿ ಟೇಲರ್ ತೀರಿಕೊಂಡರು, ಮಾತು ಹಾಗೆಯೇ ಉಳಿಯಿತು. ಕ್ಲಫ್ ಅಂತ್ಯಕ್ರಿಯೆಗೆ ಹೋಗಿದ್ದರು.

ಟೇಲರ್ ಇಲ್ಲದ ಹನ್ನೊಂದು ವರ್ಷಗಳಲ್ಲಿ ಕ್ಲಫ್ ಅವರಿಗೆ ದಕ್ಕಿದ ದೊಡ್ಡ ಟ್ರೋಫಿಗಳೆಂದರೆ 1989 ಮತ್ತು 1990ರ ಲೀಗ್ ಕಪ್‌ಗಳು. ಇದನ್ನು ಅವನತಿ ಎಂದು ಬರೆದುಬಿಡುವುದು ತಪ್ಪು. ತಂಡದ ಆಟ ಚೆಂದವಾಗಿಯೇ ಇತ್ತು. ಫಾರೆಸ್ಟ್‌ಗೆ ಬಂದ ಮೇಲೂ ಪಂದ್ಯದ ಕಾರ್ಯಕ್ರಮ ಪುಸ್ತಿಕೆಯಲ್ಲಿ ತನ್ನ ಎಲೆಕ್ಟ್ರಿಷಿಯನ್ ಕೆಲಸದ ಜಾಹೀರಾತು ಕೊಡುತ್ತಿದ್ದ ಸ್ಟುವರ್ಟ್ ಪಿಯರ್ಸ್, ಐರ್ಲೆಂಡಿನ ಸಣ್ಣ ಕ್ಲಬ್ಬೊಂದರಿಂದ ಬಂದ ರಾಯ್ ಕೀನ್ ಇಬ್ಬರೂ ಈ ಕಾಲದವರು. ಆದರೆ ಕುಡಿತ ಹೆಚ್ಚುತ್ತಿತ್ತು. ಇಂಗ್ಲೆಂಡಿನ ಇನ್ನೊಂದು ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ 1991ರ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋದಾಗ ಟಾಟನ್‌ಹ್ಯಾಮ್‌ನ ಮ್ಯಾನೇಜರ್ ಟೆರಿ ವೆನಬಲ್ಸ್ ಮೈದಾನಕ್ಕಿಳಿದು ತಮ್ಮವರಿಗೆ ಹುರುಪು ತುಂಬುತ್ತಿದ್ದರೆ ಕ್ಲಫ್ ಬೆಂಚಿನಿಂದ ಏಳಲೇ ಇಲ್ಲ. ಫಾರೆಸ್ಟ್ 2-1ರಿಂದ ಸೋತಿತು. ಎಫ್‌ಎ ಕಪ್ ಅವರಿಗೆ ಎಂದೂ ಸಿಗಲಿಲ್ಲ. 1993ರಲ್ಲಿ ತಂಡ ಕೆಳಗಿನ ಡಿವಿಷನ್ನಿಗೆ ಜಾರಿದ ವರ್ಷವೇ ಅವರು ನಿವೃತ್ತರಾದರು. 2003ರಲ್ಲಿ ಯಕೃತ್ತಿನ ಕಸಿಯಾಯಿತು, 2004ರ ಸೆಪ್ಟೆಂಬರ್ 20ರಂದು ನಿಧನರಾದರು.

ಅವರ ಅಭಿಮಾನಿಗಳು ಮುಚ್ಚಿಡುವ ಎರಡು ಸಂಗತಿಗಳನ್ನು ನಾನು ಮುಚ್ಚಿಡಲಾರೆ. 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ತಂದ ಜಸ್ಟಿನ್ ಫಾಶನು ಸಲಿಂಗಕಾಮಿ ಎಂದು ತಿಳಿದಾಗ ಕ್ಲಫ್ ಅವರನ್ನು ಹೀನಾಯವಾಗಿ ನಡೆಸಿಕೊಂಡರು. ಆ ಬಗ್ಗೆ ಮುಂದೆ ಪಶ್ಚಾತ್ತಾಪಪಟ್ಟರು ನಿಜ, ಆದರೆ ಆ ಯುವಕನಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ನೂಕುನುಗ್ಗಲಿನಲ್ಲಿ ಪ್ರೇಕ್ಷಕರು ಸತ್ತ 1989ರ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತ ನಡೆದದ್ದು ಲಿವರ್‌ಪೂಲ್ ಮತ್ತು ಇವರದೇ ಫಾರೆಸ್ಟ್ ನಡುವಿನ ಪಂದ್ಯದಲ್ಲಿ; ಸತ್ತವರ ಸಾವಿಗೆ ಲಿವರ್‌ಪೂಲ್ ಅಭಿಮಾನಿಗಳೇ ಕಾರಣರೆಂದು ಅವರು 1994ರಲ್ಲಿ ಬರೆದರು. ಅಭಿಮಾನಿಗಳದು ಏನೂ ತಪ್ಪಿರಲಿಲ್ಲವೆಂದು 2016ರಲ್ಲಿ ತೀರ್ಪುಗಾರರ ಮಂಡಳಿಯೇ ಹೇಳಿತು. ಯಾರ ಬಗ್ಗೆಯಾದರೂ ಏನನ್ನಾದರೂ ಹೇಳಬಲ್ಲೆ ಎಂಬ ಧಾರ್ಷ್ಟ್ಯ ಅವರಿಗೆ ಹೆಸರು ತಂದದ್ದೂ ಹೌದು, ಇಂಥ ಕಡೆಗಳಲ್ಲಿ ಅನ್ಯಾಯ ಮಾಡಿಸಿದ್ದೂ ಹೌದು.

ಇಂದು ನಾಟಿಂಗ್‌ಹ್ಯಾಮ್ ಮತ್ತು ಡರ್ಬಿ ನಡುವಿನ ಹೆದ್ದಾರಿಗೆ ಅವರ ಹೆಸರಿದೆ. ನಾಟಿಂಗ್‌ಹ್ಯಾಮ್‌ನ ಪ್ರತಿಮೆಯಲ್ಲಿ ಕ್ಲಫ್ ಒಬ್ಬರೇ ಇದ್ದಾರೆ. ಡರ್ಬಿಯ ಕ್ರೀಡಾಂಗಣದ ಹೊರಗಿನ ಪ್ರತಿಮೆಯಲ್ಲಿ ಟೇಲರ್ ಕೂಡ ಜೊತೆಗಿದ್ದಾರೆ. ಡರ್ಬಿಯವರು ಸರಿಯಾಗಿ ಲೆಕ್ಕ ಹಾಕಿದ್ದಾರೆ ಎಂದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 1979ರ ಮೇ 30ರಂದು ಮ್ಯೂನಿಕ್‌ನಲ್ಲಿ ಸ್ವೀಡನ್ನಿನ ಮಾಲ್ಮೋ ವಿರುದ್ಧ ನಡೆದ ಫೈನಲ್ ಆಟವಾಗಿ ನೀರಸ. ಪೂರ್ತಿ ನೋಡಿ ಎಂದು ನಾನು ಹೇಳುವುದಿಲ್ಲ. ಪಂದ್ಯವಾಗಿ ನೋಡಬೇಕಾದದ್ದು ಅದಕ್ಕೆ ಮುಂಚಿನ ಸೆಮಿಫೈನಲ್. ಕಲೋನ್ ತಂಡದೆದುರು ಸ್ವಂತ ಮೈದಾನದ ಕೆಸರಿನಲ್ಲಿ 0-2 ಹಿಂದೆ ಬಿದ್ದು, 3-2 ಮುಂದೆ ಹೋಗಿ, ಕೊನೆಗೆ 3-3 ಆದ ಪಂದ್ಯ ಅದು. ಅದೇ ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೆ ಜರ್ಮನಿಗೆ ಹೋಗಿ 1-0ರಿಂದ ಗೆದ್ದು ಬಂದರು. ಫೈನಲ್‌ನಲ್ಲಿ ಮಧ್ಯಂತರಕ್ಕೆ ಸ್ವಲ್ಪ ಮುಂಚಿನ ಒಂದು ನಿಮಿಷವನ್ನು ಮಾತ್ರ ನೋಡಿ. ಎಡ ಅಂಚಿನಲ್ಲಿ ರಾಬರ್ಟ್‌ಸನ್ ಕಾಲಿಗೆ ಚೆಂಡು ಬರುತ್ತದೆ. ಎದುರಿಗೆ ಇಬ್ಬರು. ಅವರು ಓಡುವುದೇ ಇಲ್ಲವೇನೋ ಎಂಬಂತೆ ನಿಧಾನಿಸಿ, ಅರ್ಧ ಗಜದಷ್ಟು ಜಾಗ ಮಾಡಿಕೊಂಡು, ಎಡಗಾಲಿನಿಂದ ದೂರದ ಕಂಬದ ಕಡೆಗೆ ಕ್ರಾಸ್ ಎತ್ತುತ್ತಾರೆ. ಇಂಗ್ಲೆಂಡಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ ಟ್ರೆವರ್ ಫ್ರಾನ್ಸಿಸ್, ಯುರೋಪಿಯನ್ ಕಪ್‌ನಲ್ಲಿ ಅದೇ ಮೊದಲ ಪಂದ್ಯ ಆಡುತ್ತಿರುವವರು, ಹಿಂದಿನಿಂದ ಓಡಿಬಂದು ತಲೆ ಕೊಡುತ್ತಾರೆ. ಚೆಂಡು ಬಲೆಯ ಮೇಲ್ಭಾಗಕ್ಕೆ ನುಗ್ಗುತ್ತದೆ. ಫ್ರಾನ್ಸಿಸ್ ಬಂದ ವೇಗಕ್ಕೆ ಮೈದಾನದ ಗೆರೆ ದಾಟಿ, ಗುಂಡು ಎಸೆತದವರಿಗಾಗಿ ಮಾಡಿದ್ದ ಕಾಂಕ್ರೀಟ್ ವೃತ್ತದ ಮೇಲೆ ಹೋಗಿ ಬೀಳುತ್ತಾರೆ.