ಸೋಲಾಪುರದಿಂದ ಇಮ್ಯಾಜಿಕಾನಾ, ಹೈದರಾಬಾದಿನ ವಂಡರ್‌ಲಾನಾ?

ಮಗನಿಗೆ ಒಳ್ಳೆಯ ರೋಲರ್ ಕೋಸ್ಟರ್ ಎಲ್ಲಿದೆ ಎಂದು ಕೇಳಿದ್ದೀರಿ. ನಮ್ಮ ಸೋಲಾಪುರದಿಂದ ಇಮ್ಯಾಜಿಕಾ, ವಂಡರ್‌ಲಾ ಎರಡೂ ಮನರಂಜನಾ ಪಾರ್ಕ್‌ಗಳು 300 ಕಿ.ಮೀ. ಮೇಲೆಯೇ, ಹಾಗಾಗಿ ದೂರದ ಲೆಕ್ಕ ಬಿಡಿ. ಕೋಸ್ಟರ್‌ಗಾಗಿಯೇ ಆದರೆ ಮುಂಬೈ-ಪುಣೆ ನಡುವಿನ ಖೋಪೋಲಿಯ ಇಮ್ಯಾಜಿಕಾಗೆ ಹೋಗಿ.

ಅಲ್ಲಿಯ ನೈಟ್ರೊ ಎಂಬ ಕೋಸ್ಟರ್‌ನ ಗಾಡಿಗೆ ತಳವೇ ಇಲ್ಲ. ಬೆಲ್ಟ್ ಬಿಗಿದ ಮೇಲೆ ಕಾಲ ಕೆಳಗಿನ ಹಲಗೆ ಸರಿಯುತ್ತದೆ, ಕಾಲು ಗಾಳಿಯಲ್ಲಿ ಜೋತಾಡುತ್ತವೆ. ಆಮೇಲೆ ಐದು ಸಲ ತಲೆಕೆಳಗು! ಮೊದಲ ಸಾಲಿನಲ್ಲಿ ಕೂತರೆ ಎದುರಿಗೆ ಬರೀ ಹಳಿ, ಆಕಾಶ. ಆ ಸಾಲಿಗಾಗಿ ಜಾಸ್ತಿ ಹೊತ್ತು ನಿಲ್ಲಬೇಕಾದರೂ ನಿಲ್ಲಿ.

ವಂಡರ್‌ಲಾದ ರಿಕಾಯ್ಲ್ ಕೋಸ್ಟರ್ ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಅದರ ಮಜಾನೇ ಬೇರೆ, ಆದರೆ ಬೇಗ ಮುಗಿಯುತ್ತದೆ. ನೀರಾಟವೂ ಬೇಕಿದ್ದರೆ ಅಲ್ಲಿ ಒಂದೇ ಟಿಕೆಟ್ ಸಾಕು, ಇಮ್ಯಾಜಿಕಾದಲ್ಲಿ ವಾಟರ್ ಪಾರ್ಕ್‌ಗೆ ಬೇರೆ ಟಿಕೆಟ್. ಹೊರಡುವ ಮುಂಚೆ ಮಗನ ಎತ್ತರ ಅಳೆದುಕೊಳ್ಳಿ. ಕುಳ್ಳಗಿದ್ದರೆ ನೈಟ್ರೊ ಹತ್ತಲು ಬಿಡುವುದಿಲ್ಲ.