ಸಂಪಾದಕರ ಉತ್ತರ: ಬರೆಯಬೇಕಾದ್ದು ಕಿವಿಗೆ ಬಿದ್ದದ್ದನ್ನು, ಸ್ಪೆಲಿಂಗನ್ನಲ್ಲ

ಪತ್ರದ ಸಾರ: ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕರು ಬರೆಯುತ್ತಾರೆ: "ಎಂಟನೆಯ ತರಗತಿಗೆ ಬರುವ ನಮ್ಮ ಮಕ್ಕಳಿಗೆ ನಿಘಂಟಿನಲ್ಲಿ ಓರೆಗೆರೆಗಳ ನಡುವೆ ಕೊಡುವ ಚಿಹ್ನೆಗಳು ತಿಳಿಯುವುದಿಲ್ಲ. ಅದಕ್ಕೇ ಬೋರ್ಡಿನ ಮೇಲೆ ಪ್ರತಿ ಪದದ ಮುಂದೆ ಉಚ್ಚಾರವನ್ನು ಕನ್ನಡದಲ್ಲಿ ಬರೆಯುತ್ತೇನೆ. ತರಗತಿ ನೋಡಲು ಬಂದ ಹಿರಿಯರೊಬ್ಬರು, ಇದರಿಂದ ಮಕ್ಕಳ ನಾಲಿಗೆ ಕೆಡುತ್ತದೆ, ಅಳಿಸಿ ಎಂದರು. ಅಳಿಸಬೇಕೋ ಬೇಡವೋ? ಬರೆಯುವುದಾದರೆ ಹೇಗೆ? 'ಶೆಡ್ಯೂಲ್' ಸರಿಯೋ, 'ಸ್ಕೆಡ್ಯೂಲ್' ಸರಿಯೋ?" ಜೊತೆಗೆ ತಾವು ಮಾಡಿಸಿದ ಗೋಡೆಪಟ್ಟಿಯ ಪ್ರತಿಯನ್ನೂ ಕಳಿಸಿದ್ದಾರೆ.

ಮಾನ್ಯ ಗುರುಗಳೇ,

ಅಳಿಸಬೇಡಿ. ಆದರೆ ಬರೆಯುವ ರೀತಿ ಬದಲಿಸಿ. ನಿಮ್ಮ ಪಟ್ಟಿಯಲ್ಲಿ "ವೆಜಿಟೇಬಲ್", "ಕಂಫರ್ಟೇಬಲ್", "ವೆಡ್ನೆಸ್‌ಡೇ", "ವಾಕೆಡ್" ಎಂದಿದೆ. ಇದು ಉಚ್ಚಾರವಲ್ಲ, ಇಂಗ್ಲಿಷ್ ಸ್ಪೆಲಿಂಗಿನ ಕನ್ನಡ ನಕಲು. ಇಂಗ್ಲಿಷಿಗೆ ಅಕ್ಷರ 26. ಬ್ರಿಟಿಷ್ ನಿಘಂಟುಗಳ ಲೆಕ್ಕದಲ್ಲಿ ದನಿ 44, ಅಂದರೆ ಸ್ವರ 20, ವ್ಯಂಜನ 24. ಐದು ಸ್ವರಾಕ್ಷರ ಇಪ್ಪತ್ತು ಸ್ವರಗಳ ಕೆಲಸ ಮಾಡಬೇಕಾಗಿರುವಾಗ ಸ್ಪೆಲಿಂಗನ್ನು ನಂಬಿ ಕನ್ನಡಕ್ಕಿಳಿಸಿದರೆ ತಪ್ಪು ಖಾತ್ರಿ. ನಾಲಿಗೆ ಕೆಡಿಸುವುದು ಕನ್ನಡ ಲಿಪಿಯಲ್ಲ, ಈ ನಕಲು. ನಿಮ್ಮ ಹಿರಿಯರ ಆತಂಕಕ್ಕೆ ಕಾರಣವಿದೆ, ಅವರು ಹೇಳಿದ ಮದ್ದು ಸರಿಯಲ್ಲ.

ನಿಘಂಟಿನ ಆ ಚಿಹ್ನೆಗಳನ್ನು ಕಟ್ಟಿದವರೂ ನಿಮ್ಮಂಥ ಭಾಷಾ ಶಿಕ್ಷಕರೇ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಎಂಬುವರ ಮುಂದಾಳುತನದಲ್ಲಿ ಶುರುವಾದ ಸಂಘ ಅವರದು. ಮಕ್ಕಳು ಸ್ಪೆಲಿಂಗಿನ ಕಾಟವಿಲ್ಲದೆ ಉಚ್ಚಾರ ಕಲಿಯಲಿ ಎಂಬುದೇ ಅವರ ಉದ್ದೇಶ. ಅವರ ನಿಯಮ ಇಷ್ಟೇ: ಒಂದು ದನಿಗೆ ಒಂದೇ ಗುರುತು, ಒಂದು ಗುರುತಿಗೆ ಒಂದೇ ದನಿ. ಈ ನಿಯಮ ಮುರಿಯದಿದ್ದರೆ ಕನ್ನಡ ಅಕ್ಷರದಲ್ಲೂ ಅದೇ ಕೆಲಸ ನಡೆಯುತ್ತದೆ. ಹೇಳಿಕೇಳಿ ನಮ್ಮ ವರ್ಣಮಾಲೆಯೇ ಬಾಯೊಳಗಿನ ಜಾಗ ನೋಡಿ ಜೋಡಿಸಿದ್ದು.

ಹೇಗೆ ಬರೆಯಬೇಕು ಎಂದು ಕೇಳಿದ್ದೀರಿ. ಮೊದಲು ಸ್ಪೆಲಿಂಗನ್ನು ಮುಚ್ಚಿ. ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಎರಡು ಮೂರು ಸಲ ಕೇಳಿಸಿ. ಪದಕ್ಕೆ ಎಷ್ಟು ಸಿಲೆಬಲ್ (ಒಂದು ಸ್ವರದ ಸುತ್ತ ನಿಲ್ಲುವ ತುಣುಕು) ಎಂದು ಮಕ್ಕಳು ಬೆಂಚಿನ ಮೇಲೆ ತಟ್ಟಿ ಎಣಿಸಲಿ. "ವೆಜಿಟೇಬಲ್" ಎಂದು ಬರೆದಾಗ ನಾಲ್ಕು ತಟ್ಟು. ಕಿವಿಗೆ ಬೀಳುವುದು ಮೂರೇ. ಆಮೇಲೆ ಯಾವ ತಟ್ಟು ಜೋರು ಎಂದು ಕೇಳಿ, ಅದರ ಹಿಂದೆ ಮೇಲುಗಡೆ ಒಂದು ನಿಲುಗೆರೆ ಹಾಕಿಸಿ. ಬಳಿಕ ಸ್ವರ, ಕೊನೆಗೆ ವ್ಯಂಜನ. ಎಲ್ಲ ಮುಗಿದ ಮೇಲೆ ಸ್ಪೆಲಿಂಗ್ ತೆರೆದು ಹೋಲಿಸಿ. ಸ್ಪೆಲಿಂಗ್ ಮೊದಲೇ ಕಣ್ಣಿಗೆ ಬಿದ್ದರೆ ಕಿವಿ ಕೆಲಸ ಬಿಡುತ್ತದೆ, ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

ಸ್ವರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಪಟ್ಟಿಯಲ್ಲಿ ಒಂದು ಕಡೆಯೂ ಇಲ್ಲ. ನಿಘಂಟಿನಲ್ಲಿ ತಲೆಕೆಳಗಾದ ಇಂಗ್ಲಿಷ್ 'ಇ' (e) ಅಕ್ಷರದಂತೆ ಕಾಣುವ ಸ್ವರ ಅದು. ಬಾಯಿ ಅರೆತೆರೆದು, ನಾಲಿಗೆಯನ್ನು ನಡುವೆ ಸಡಿಲ ಬಿಟ್ಟು, ಅರ್ಧ ಉಸಿರಿನಲ್ಲಿ ಹೇಳುವ ಮಂಕು "ಅ". ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ ಇದೇ, ಇದಕ್ಕೆಂದೇ ಸ್ಪೆಲಿಂಗಿನಲ್ಲಿ ಒಂದು ಅಕ್ಷರವೂ ಇಲ್ಲ. ಎ, ಇ, ಐ, ಒ, ಯು ಯಾವುದರ ವೇಷದಲ್ಲಾದರೂ ಬರುತ್ತದೆ. ಇದಕ್ಕೆ ನಾವು ಅವಗ್ರಹವನ್ನು (ಽ) ಬಳಸೋಣ, ಸಂಸ್ಕೃತ ಶ್ಲೋಕ ಬಿಟ್ಟರೆ ಅದಕ್ಕೆ ಬೇರೆ ಕೆಲಸ ಕಡಿಮೆ. ಆಗ ವೆಜಿಟೇಬಲ್ "ˈವೆಜ್‌ಟ್ಽಬ್ಲ್" ಆಗುತ್ತದೆ, ಕಂಫರ್ಟೇಬಲ್ "ˈಕಂಫ಼್‌ಟ್ಽಬ್ಲ್", ಟೀಚರ್ "ˈಟೀಚ್ಽರ್", ಬನಾನಾ "ಬ್ಽˈನಾನ್ಽ". ಬನಾನಾದಲ್ಲಿ ಮೂರು ಸಲ ಬರುವ ಎ ಅಕ್ಷರಕ್ಕೆ ಒಂದೇ ಕಡೆ ಪೂರ್ತಿ ದನಿ ಇದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಒತ್ತು, ಅಂದರೆ ಜೋರಾದ ತಟ್ಟು, ಬದಲಾದರೆ ಈ ಮಂಕು ಸ್ವರವೂ ಜಾಗ ಬದಲಿಸುತ್ತದೆ. ಫೋಟೊಗ್ರಾಫ್ ಎಂಬುದು "ˈಫ಼ೋಟ್ಽಗ್ರಾಫ಼್". ಫೋಟೊಗ್ರಫಿ ಎಂದಾಗ "ಫ಼್ಽˈಟಾಗ್ರ್ಽಫ಼ಿ". ಮೊದಲಿನ "ಓ" ಕುಗ್ಗಿತು, ಕುಗ್ಗಿದ್ದ ಎರಡನೆಯದು ಎದ್ದಿತು. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಮಕ್ಕಳು ಎಲ್ಲ ಸಿಲೆಬಲ್ಲಿಗೂ ಸಮನಾಗಿ ತೂಕ ಹಾಕುತ್ತಾರೆ. ಇಂಗ್ಲಿಷಿನಲ್ಲಿ "ˈರೆಕಾರ್ಡ್" ನಾಮಪದ, "ರಿˈಕಾರ್ಡ್" ಕ್ರಿಯಾಪದ. ಕೇಳುವವನು ಪದವನ್ನು ಹಿಡಿಯುವುದೇ ಒತ್ತಿನ ಮೇಲೆ. ವ್ಯಂಜನ ತುಸು ಆಚೀಚೆಯಾದರೂ ಮಾತು ಮುಟ್ಟುತ್ತದೆ, ಒತ್ತು ತಪ್ಪಿದರೆ "ಏನಂದಿರಿ?" ಎಂಬ ಪ್ರಶ್ನೆ ಬರುತ್ತದೆ.

"ಕ್ಯಾಟ್", "ಬ್ಯಾಟ್" ಸ್ವರದ ಬಗ್ಗೆ ನಿಮ್ಮ ಭಾಗದವರಿಗೆ ಚಿಂತೆ ಬೇಡ. ಪಠ್ಯಪುಸ್ತಕದ "ಬೇಡ", "ಮೇಲೆ", "ಪೇಟೆ"ಗಳನ್ನು ನಿಮ್ಮ ಮಕ್ಕಳು ಮನೆಯಲ್ಲಿ "ಬ್ಯಾಡ", "ಮ್ಯಾಲ", "ಪ್ಯಾಟಿ" ಎನ್ನುತ್ತಾರೆ. ಅಲ್ಲಿ ಬರುವುದು ಹೆಚ್ಚುಕಡಿಮೆ ಅದೇ ಸ್ವರ, ಸ್ವಲ್ಪ ಉದ್ದ. "ಬ್ಯಾಡ" ಎನ್ನಿಸಿ, ಅಲ್ಲಿಂದ "ಬ್ಯಾಡ್"ಗೆ ದಾಟಿಸಿ. ಬೇರೆ ಜಿಲ್ಲೆಗಳ ಎಷ್ಟೋ ಮೇಷ್ಟ್ರುಗಳು ವಾರಗಟ್ಟಲೆ ತಿದ್ದುವ ದನಿ ನಿಮ್ಮಲ್ಲಿ ಅಂಗಳದಲ್ಲೇ ಬಿದ್ದಿದೆ. ಒಂದು ಎಚ್ಚರ ಇರಲಿ: ಇಲ್ಲಿ ಯ-ಒತ್ತು ಬರೀ ಸ್ವರದ ಗುರುತು, ಅದನ್ನು ಉಚ್ಚರಿಸಬಾರದು. "ಕ್ಯೂ"ನಲ್ಲಿ ಮಾತ್ರ ಯಕಾರ ನಿಜವಾಗಿಯೂ ಇದೆ. ಒಂದು ಗುರುತಿಗೆ ಒಂದೇ ದನಿ ಎಂಬ ನಿಯಮ ಉಳಿಯಬೇಕಾದರೆ ಎರಡನೆಯದನ್ನು "ಕ್‌ಯೂ" ಎಂದು ಬಿಡಿಸಿ ಬರೆಯಿರಿ.

ಡಾಕ್ಟರ್, ಕಾಲೇಜು, ಆಫೀಸು ಪದಗಳಲ್ಲಿ ನಾವು "ಆ" ಬರೆಯುತ್ತೇವೆ, ದನಿ ಮಾತ್ರ ಆ-ಒ ನಡುವಿನದು, ತುಟಿ ಸ್ವಲ್ಪ ದುಂಡಗಾಗಬೇಕು. ಹಿಂದಿ, ಮರಾಠಿಯವರು ಇದಕ್ಕೆ ಅರ್ಧಚಂದ್ರದ ಅಕ್ಷರ ಮಾಡಿಕೊಂಡರು. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡಿನಲ್ಲಿ ಕನ್ನಡಕ್ಕೆ ಅದಿಲ್ಲ. ಗೋಡೆಪಟ್ಟಿಗೆ ಕೈಬರಹವೇ ಆದ್ದರಿಂದ "ಆ" ಮೇಲೆ ಅರ್ಧಚಂದ್ರ ಎಳೆಯಿರಿ, ಯಾರ ಅಪ್ಪಣೆಯೂ ಬೇಕಿಲ್ಲ. (ಇಲ್ಲಿ ಅಚ್ಚಿನಲ್ಲಿ ಅದನ್ನು ತೋರಿಸಲಾಗದೆ ಮೇಲಿನ ಫೋಟೊಗ್ರಫಿಯಲ್ಲಿ "ಟಾ" ಎಂದೇ ಬಿಟ್ಟಿದ್ದೇವೆ.)

"ಶಿಪ್" ಮತ್ತು "ಶೀಪ್" ವ್ಯತ್ಯಾಸವನ್ನು ಹ್ರಸ್ವ-ದೀರ್ಘ ಎಂದು ಕಲಿಸಿದ್ದೀರಿ. ಅರ್ಧ ಸರಿ. ಶಿಪ್‌ನ ಸ್ವರ ಗಿಡ್ಡದಷ್ಟೇ ಅಲ್ಲ, ಸಡಿಲ ಕೂಡ. ನಾಲಿಗೆ ಸ್ವಲ್ಪ ಕೆಳಗಿರುತ್ತದೆ. ಬರೀ ಅಳತೆ ನೆಚ್ಚಿದರೆ ಮೋಸ ಹೋಗುತ್ತೀರಿ, ಏಕೆಂದರೆ ಇಂಗ್ಲಿಷಿನಲ್ಲಿ ಅಘೋಷ (ಕ, ಟ, ಪಗಳಂತೆ ಗಂಟಲು ನಡುಗದ) ವ್ಯಂಜನದ ಹಿಂದಿನ ಸ್ವರ ಮೊಟಕಾಗುತ್ತದೆ. ಬಡಿಯುವ "ಬೀಟ್" ಪದದ ಈಕಾರ, ಮಣಿ ಎಂಬರ್ಥದ "ಬೀಡ್" ಪದದ ಈಕಾರಕ್ಕಿಂತ ಎದ್ದು ಕಾಣುವಷ್ಟು ಗಿಡ್ಡ. "ಏ", "ಓ" ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗೇಟ್, ಕೋಟ್ ಪದಗಳಲ್ಲಿ ಬ್ರಿಟಿಷ್ ನಿಘಂಟು ಜೋಡಿಸ್ವರ ತೋರಿಸುತ್ತದೆ, ನಮ್ಮದು ಒಂಟಿಸ್ವರ. ಸ್ಕಾಟ್‌ಲೆಂಡಿನವರದೂ ಹಾಗೇ. ಟೀಚರ್, ಬರ್ಡ್ ಪದಗಳ ರಕಾರವೂ ಅಷ್ಟೇ: ಬ್ರಿಟಿಷ್ ನಿಘಂಟು ಬಿಡುತ್ತದೆ, ಅಮೆರಿಕದವರು, ಐರ್ಲೆಂಡಿನವರು ಉಳಿಸುತ್ತಾರೆ. ನಾವೂ ಉಳಿಸೋಣ, ಸ್ಪೆಲಿಂಗಿಗೂ ಅನುಕೂಲ.

ಇನ್ನು ವ್ಯಂಜನ. ಕನ್ನಡದಲ್ಲಿಲ್ಲದ ದನಿಗೆ ಹತ್ತಿರದ ಅಕ್ಷರದ ಕೆಳಗೆ ಚುಕ್ಕಿ ಇಡುವುದು ನಮ್ಮ ಪದ್ಧತಿ. ಆರು ಅಕ್ಷರ ಸಾಕು: ಫ಼, ಜ಼, ವ಼, ಥ಼, ದ಼, ಝ಼. ಮೊದಲ ಎರಡು ಫ್ಯಾನ್ ಮತ್ತು ಜ಼ೂ ಪದಗಳಲ್ಲಿ ಬರುವಂಥವು. ವ಼ ಎಂಬುದು ಡಬಲ್ಯೂ. ಥ಼ "ಥಿಂಕ್"ನದು, ದ಼ "ದಿಸ್"ನದು, ಝ಼ "ವಿಷನ್" ಪದದ ನಡುವಿನದು, ಅಂದರೆ "ˈವಿಝ಼್ಽನ್". (ಯುನಿಕೋಡಿನವರು ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ತಪ್ಪಿ "ಫ" ಎಂದು ಹೆಸರಿಟ್ಟು ಕೂತಿದ್ದಾರೆ, ಒಮ್ಮೆ ಕೊಟ್ಟ ಹೆಸರನ್ನು ಅಲ್ಲಿ ಬದಲಿಸುವ ಪದ್ಧತಿಯಿಲ್ಲ. ಆ ಹೆಸರು ನೋಡಿ ೞ ಬಳಸಬೇಡಿ, ಫ ಬರೆದು ಚುಕ್ಕಿ ಹಾಕಿ.)

ಜ಼, ಫ಼ ಕಲಿಸಲು ನಿಮ್ಮ ತರಗತಿಯಲ್ಲೇ ಸಹಾಯಕರಿದ್ದಾರೆ. ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ಈ ಎರಡೂ ಹುಟ್ಟಿನಿಂದ ಬಂದಿವೆ. ಅವರು ಜ಼ಮೀನ್ ಎನ್ನುತ್ತಾರೆ, ಉಳಿದವರು ಜಮೀನು ಎನ್ನುತ್ತಾರೆ. ಅವರಿಂದ ಹೇಳಿಸಿ, ಉಳಿದವರು ಗಂಟಲ ಮೇಲೆ ಎರಡು ಬೆರಳಿಟ್ಟು "ಸ್‌ಸ್‌ಸ್" ಎನ್ನುತ್ತಾ ನಡುವೆ ದನಿ ಸೇರಿಸಲಿ. ಬೆರಳಿಗೆ ನಡುಕ ತಾಗಿದ ಕ್ಷಣ ಅದು ಜ಼. ಸಿಂಧನೂರಿನ ಆರ್.ಎಚ್. (ನಿರಾಶ್ರಿತರ ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಮಕ್ಕಳಿದ್ದರೆ ಅವರ ತೊಡಕು ಬೇರೆ: ವ ಭಕಾರದ ಕಡೆಗೆ, ಸ ಶಕಾರದ ಕಡೆಗೆ ವಾಲುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಇರಲಿ, ತಿದ್ದುವಾಗ ಮನೆಮಾತು ನೋಡಿ ತಿದ್ದಿ.

ಜ಼ ಗೊತ್ತಾದರೆ ಬಹುವಚನದ ಅರ್ಧ ಗೊಂದಲ ಮುಗಿಯುತ್ತದೆ. ಎಸ್ ಅಕ್ಷರ ಅಘೋಷದ ನಂತರ "ಸ್": ಕ್ಯಾಟ್ಸ್, ಬುಕ್ಸ್. ಸ್ವರ ಅಥವಾ ಘೋಷದ ನಂತರ "ಜ಼್": ಡಾಗ್ಜ಼್, ಪೆನ್‌ಜ಼್. ಸ, ಜ಼, ಶ, ಚ, ಜಗಳ ನಂತರ "ಇಜ಼್": ಬಸಿಜ಼್. ಭೂತಕಾಲದ ಇ-ಡಿಗೂ ಇದೇ ನ್ಯಾಯ. ವಾಕ್ ಎಂಬುದರ ಕೊನೆ ಅಘೋಷ, ಆದ್ದರಿಂದ "ವ಼ಾಕ್ಟ್", ಒಂದೇ ಸಿಲೆಬಲ್. ಪ್ಲೇ ಎಂಬುದಕ್ಕೆ "ಪ್ಲೇಡ್". ಟ, ಡಗಳ ನಂತರ ಮಾತ್ರ ಹೊಸ ಸಿಲೆಬಲ್ ಹುಟ್ಟುತ್ತದೆ: "ˈವ಼ಾಂಟಿಡ್". ನಿಮ್ಮ ಪಟ್ಟಿಯ "ವಾಕೆಡ್", "ಹೆಲ್ಪೆಡ್", "ಲುಕೆಡ್" ಮೂರೂ ಇವತ್ತೇ ಹೋಗಲಿ.

ವ ಮತ್ತು ವ಼ಗಳಿಗೆ ಕನ್ನಡಿ ಬೇಕು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ "ವೆಸ್ಟ್", ಒಳಅಂಗಿ. ತುಟಿ ಸೀಟಿ ಹೊಡೆಯುವಂತೆ ದುಂಡಾಗಿ ಹಲ್ಲು ತಾಗದಿದ್ದರೆ "ವ಼ೆಸ್ಟ್", ಪಡುವಣ. ನಮ್ಮ ಕನ್ನಡದ ವ ಎರಡರ ನಡುವೆ ಇರುವುದರಿಂದ ಎರಡೂ ಒಂದೇ ಆಗಿಬಿಡುತ್ತವೆ. ಬುಧವಾರವನ್ನು "ˈವ಼ೆನ್‌ಜ಼್‌ಡೇ" ಎಂದು ಬರೆಯಿರಿ, ಡಿ ಒಂದೇ ಸಲ, ಅದೂ ಕೊನೆಗೆ.

ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙಕಾರಕ್ಕೂ ಇಲ್ಲಿ ನೌಕರಿ ಸಿಗುತ್ತದೆ. ಹಾಡು ಎಂಬರ್ಥದ "ಸಿಙ್" ಪದದ ಕೊನೆಯಲ್ಲಿ ಗಕಾರ ಇಲ್ಲ, ಹಾಡುವವರು "ˈಸಿಙ್ಽರ್". ಬೆರಳು ಮಾತ್ರ "ˈಫ಼ಿಙ್‌ಗ್ಽರ್", ಅಲ್ಲಿ ಗ ಇದೆ.

ಥ಼, ದ಼ಗಳನ್ನು ಕೊನೆಗಿಡಿ. ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ನಿಲ್ಲದೆ ಸೋರಬೇಕು, ನಮ್ಮ ಥ, ದಗಳಲ್ಲಿ ಗಾಳಿ ತಡೆದು ಬಿಡುಗಡೆಯಾಗುತ್ತದೆ. ವ್ಯತ್ಯಾಸ ಹೇಳಿಕೊಡಿ, ಬರದಿದ್ದರೆ ಬಿಡಿ. ಲಂಡನ್ನಿನಲ್ಲೇ ಅನೇಕರು ಥ಼ ಬದಲು ಫ಼ ಅನ್ನುತ್ತಾರೆ. ಇದಕ್ಕೇ ತಿಂಗಳು ಕಳೆದು ಒತ್ತನ್ನು ಬಿಟ್ಟುಬಿಡುವುದು ನಮ್ಮ ಶಾಲೆಗಳ ಹಳೆಯ ಚಾಳಿ. ಟ, ಡಗಳಿಗೆ ಚುಕ್ಕಿ ಬೇಡ. ನಾಲಿಗೆ ಹಿಂದಕ್ಕೆ ಮಡಚದೆ ಮೇಲಿನ ಹಲ್ಲಿನ ಹಿಂದಿನ ದಿಣ್ಣೆಗೆ ತಾಗಲಿ ಎಂದು ಒಮ್ಮೆ ಹೇಳಿದರೆ ಸಾಕು.

ಪ, ಟ, ಕಗಳ ಮಹಾಪ್ರಾಣವನ್ನೂ ಬರೆಯಬೇಡಿ, ಬಾಯಲ್ಲಿ ಮಾತ್ರ ಕಲಿಸಿ. ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು "ಪಿನ್" ಎನ್ನಿಸಿ, ಕಾಗದ ಹಾರಬೇಕು. "ಸ್ಪಿನ್" ಎಂದಾಗ ಹಾರಬಾರದು. ಪಿನ್‌ನಲ್ಲಿ ಉಸಿರು ಬರದಿದ್ದರೆ ಇಂಗ್ಲಿಷರ ಕಿವಿಗೆ ಅದು "ಬಿನ್" ಆಗುತ್ತದೆ. ಒತ್ತಿನ ಸಿಲೆಬಲ್ಲಿನ ಮೊದಲಿಗೆ ಉಸಿರು ಯಾವಾಗಲೂ ಇರುತ್ತದೆ, ಸಕಾರದ ನಂತರ ಇರುವುದಿಲ್ಲ. ನಿಯಮವೇ ಹೇಳುವುದನ್ನು ಗುರುತು ಹಾಕಿ ಹೇಳಬೇಕಿಲ್ಲ. ನಿಘಂಟೂ ಓರೆಗೆರೆಗಳ ನಡುವೆ ಅದನ್ನು ತೋರಿಸುವುದಿಲ್ಲ.

ನಮ್ಮ ಬಾಯಿಯ ಎರಡು ರೂಢಿಗಳು ಬರವಣಿಗೆಗೂ ನುಸುಳುತ್ತವೆ. ಒಂದು, ಮೊದಲಿಗೆ ಎ ಬಂದರೆ ಯ ಸೇರುವುದು: ಎಗ್ "ಯಗ್" ಆಗುತ್ತದೆ, ಎಮ್ಮೆಲ್ಲೆ "ಯಮ್ಮೆಲ್ಲೆ" ಆಗುತ್ತದೆ. ಕಿವಿ ಮತ್ತು ವರ್ಷ ಎರಡಕ್ಕೂ ನೀವು "ಇಯರ್" ಬರೆದಿದ್ದೀರಿ. ಮೊದಲನೆಯದು "ಇಽರ್", ಎರಡನೆಯದು "ಯಿಽರ್". ಇನ್ನೊಂದು, ಸ್ಕೂಲ್ "ಇಸ್ಕೂಲ್" ಆಗುವುದು. ಮುಂದೆ ಇಕಾರ ಬರುವವನಿಗೆ "ಸ್‌ಸ್‌ಸ್" ಎಂದು ಎಳೆಸಿ, ಎಳೆತ ನಿಲ್ಲಿಸದೆ "ಕೂಲ್" ಸೇರಿಸಲು ಹೇಳಿ.

ಪಟ್ಟಿ ಬರೆಯುವಾಗ ಸ್ಪೆಲಿಂಗ್ ಎಡಕ್ಕೆ, ಉಚ್ಚಾರ ಬಲಕ್ಕೆ, ಕಡ್ಡಾಯವಾಗಿ ಓರೆಗೆರೆಗಳ ನಡುವೆ. ಒತ್ತಿನ ಸಿಲೆಬಲ್ ಕೆಂಪಿನಲ್ಲಿ, ಅವಗ್ರಹ ಚಿಕ್ಕದಾಗಿ ನೀಲಿಯಲ್ಲಿ. ವಾರಕ್ಕೆ ಹತ್ತು ಪದ ಸಾಕು. ಒಂಬತ್ತನೆಯ ತರಗತಿಗೆ ಬಂದಾಗ ಒಂದೊಂದೇ ಗುರುತನ್ನು ನಿಘಂಟಿನ ಚಿಹ್ನೆಗೆ ಬದಲಿಸುತ್ತಾ ಹೋಗಿ: ಮೊದಲು ಅವಗ್ರಹದ ಜಾಗಕ್ಕೆ ತಲೆಕೆಳಗಾದ ಇ, ಬಳಿಕ ಶಕಾರಕ್ಕೆ ಉದ್ದನೆಯ ಎಸ್, ಙಕಾರಕ್ಕೆ ಬಾಲದ ಎನ್, ದ಼ಕ್ಕೆ ಅಡ್ಡಗೆರೆಯ ಡಿ. ದೀರ್ಘಕ್ಕೆ ಅವರು ಎರಡು ಚುಕ್ಕಿಯಂಥ ಗುರುತು ಹಾಕುತ್ತಾರೆ, ನಿಲುಗೆರೆ ಮಾತ್ರ ಹಾಗೇ ಉಳಿಯುತ್ತದೆ. ಒಂದಕ್ಕೊಂದು ಸರಿಯಾಗಿ ಕೂಡುವುದರಿಂದ ಹೊಸದಾಗಿ ಕಲಿಯುವುದು ಆಕಾರವನ್ನಷ್ಟೇ.

ಶೆಡ್ಯೂಲ್ ಬ್ರಿಟಿಷರ ಹಳೆಯ ರೂಢಿ, ಸ್ಕೆಡ್ಯೂಲ್ ಅಮೆರಿಕದ್ದು; ಎರಡೂ ನಿಘಂಟಿನಲ್ಲಿವೆ. ಒಂದು ತರಗತಿಯಲ್ಲಿ ಒಂದನ್ನೇ ಬರೆಯಿರಿ, ಇನ್ನೊಂದನ್ನು ಹೇಳಿದ ಮಗುವಿನ ಅಂಕ ಕಳೆಯಬೇಡಿ. ಎರಡರಲ್ಲೂ ಒತ್ತು ಮೊದಲ ಸಿಲೆಬಲ್ಲಿನ ಮೇಲೆ.

— ಸಂಪಾದಕರು