ಪರದೆ ಬೇಡ, ಮೊದಲು ಸ್ಪೀಕರ್ ನೋಡಿ

ನಮಸ್ಕಾರ. ಸಿಡ್ನಿ ರೈಟರ್ಸ್ ಫೆಸ್ಟಿವಲ್ ಅನ್ನೋ ಸಾಹಿತ್ಯ ಹಬ್ಬದ ನೇರಪ್ರಸಾರವನ್ನು ನಿಮ್ಮೂರ ಲೈಬ್ರರಿಯಲ್ಲಿ ತೋರಿಸಿದಾಗ ಜನ ಅರ್ಧಕ್ಕೇ ಎದ್ದು ಹೋದರು, ಈ ಮೇ ತಿಂಗಳಿಗೆ ದೊಡ್ಡ ಪರದೆ ತರಬೇಕಾ ಅಂತ ಕೇಳಿದ್ದೀರಿ. ಬೇಡ. ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಕೂರುತ್ತಾರೆ, ಮಾತು ಕೇಳಿಸದಿದ್ದರೆ ಕೂರಲ್ಲ.

ಇನ್ನೊಂದು ಸಣ್ಣ ಊರಲ್ಲಿ ನಾನೂ ಈ ಕೆಲಸಕ್ಕೆ ಕೈಹಾಕಿದ್ದೆ. ಮೊದಲ ವರ್ಷ ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರನ್ನೇ ನಂಬಿದ್ದೆವು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಗೆ ಕೈ ಒಡ್ಡಿಕೊಂಡೇ ಒಂದು ಗಂಟೆ ಕೂತಿದ್ದರು. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತೆ.

ವೈಫೈ ಬಿಟ್ಟು ಕೇಬಲ್ ಎಳೆಯಿರಿ. ಹಿಂದಿನ ದಿನ ಒಮ್ಮೆ ಓಡಿಸಿ ನೋಡಿ.

ಇನ್ನೊಂದು ಮಾತು. ಸಿಡ್ನಿಯಲ್ಲಿ ಹಬ್ಬ ನಡೆಯೋ ಕ್ಯಾರೇಜ್‌ವರ್ಕ್ಸ್ ಅನ್ನೋ ಹಳೇ ರೈಲ್ವೆ ವರ್ಕ್‌ಶಾಪ್‌ನಲ್ಲಿ ಗೋಷ್ಠಿ ಮುಗಿದ ಮೇಲೆ ಜನ ನಿಂತು ಹರಟುತ್ತಾರೆ. ನಿಮ್ಮವರಿಗೂ ಅದು ಬೇಕಲ್ವಾ? ಎರಡು ಗೋಷ್ಠಿಗಳ ನಡುವೆ ಪ್ರಸಾರ ನಿಲ್ಲಿಸಿ ಟೀ ಕೊಡಿ. ಊರಿನ ಟೀಚರ್ ಒಬ್ಬರು ಹತ್ತು ನಿಮಿಷ ಮಾತು ನಡೆಸಲಿ. ಸುಮ್ನೆ ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ಅರ್ಧಚಂದ್ರದ ಹಾಗೆ ಹಾಕಿ. ಮುಖ ಕಂಡರೆ ಮಾತು ತಾನಾಗೇ ಹುಟ್ಟುತ್ತೆ.